ಮಾರ್ಚ್ ಬಂದರೆ ಹಕ್ಕಿ ನೋಡೋದು ಮುಗೀತಾ?

ಪ್ರಶ್ನೆ: ನಾನು ಮಂಡ್ಯದವಳು, ಬ್ಯಾಂಕಿನಲ್ಲಿ ಕೆಲಸ. ಹೋದ ಡಿಸೆಂಬರ್‌ನಲ್ಲಿ ಬೈನಾಕ್ಯುಲರ್ ತಗೊಂಡೆ. ಭಾನುವಾರಗಳಲ್ಲಿ ಹದಿನಾರು ಕೆರೆ, ಕೆಆರ್‌ಎಸ್ ಹಿನ್ನೀರು ಅಂತ ಸುತ್ತಿ ಎಂಬತ್ತು ಜಾತಿ ಹಕ್ಕಿ ನೋಡಿದೆ. ಈಗ ಫೆಬ್ರವರಿ ಮುಗೀತಾ ಬಂತು. ಜೊತೆಗೆ ಬರುತ್ತಿದ್ದವರೆಲ್ಲ ‘ಸೀಸನ್ ಮುಗೀತು, ಇನ್ನು ನವೆಂಬರ್‌ಗೆ ನೋಡೋಣ’ ಎಂದು ಕ್ಯಾಮೆರಾ ಒಳಗಿಟ್ಟರು. ಆದರೆ ಯುರೋಪಿನವರು ಬರೆದದ್ದನ್ನು ಓದಿದರೆ ಅವರಿಗೆ ವಸಂತದ ವಲಸೆಯೇ ವರ್ಷದ ದೊಡ್ಡ ಹಬ್ಬ. ನಮ್ಮ ಬಯಲಿನಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ನೋಡುವಂಥದ್ದು ಏನಾದರೂ ಇದೆಯಾ ಸರ್? ಕಾಡಿಗೆ ಹೋಗಲು ನನಗೆ ಬಿಡುವಿಲ್ಲ. ಗದ್ದೆ, ಕೆರೆ, ನಾಲೆ, ಇಷ್ಟೇ ನನ್ನ ಕೈಗೆ ಸಿಗುವುದು.

ಉತ್ತರ:

ಇದೆ. ತುಂಬಾ ಇದೆ. ಬೈನಾಕ್ಯುಲರ್ ಒಳಗಿಡಬೇಡಿ. ಮೂವತ್ತು ವರ್ಷದಿಂದ ಮೈಸೂರು, ಮಂಡ್ಯದ ಕೆರೆ ಏರಿಗಳ ಮೇಲೆ ಓಡಾಡುತ್ತಿದ್ದೇನೆ. ಹಕ್ಕಿಗಳ ಬಗ್ಗೆ ನಾನು ಜಾಸ್ತಿ ಕಲಿತದ್ದು ಫೆಬ್ರವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗಿನ ಎಂಟೊಂಬತ್ತು ವಾರಗಳಲ್ಲಿ. ನಿಮಗೆ ಬೇಕಾದ ಗದ್ದೆ, ಕೆರೆ, ನಾಲೆ ಮೂರೂ ಈ ಕೆಲಸಕ್ಕೆ ಕಾಡಿಗಿಂತ ಒಳ್ಳೆಯವು.

ಯುರೋಪಿನವರ ಬರಹ ಓದಿ ನಿಮಗಾದ ಗೊಂದಲವನ್ನು ಮೊದಲು ಬಿಡಿಸೋಣ. ಅವರಿಗೆ ವಸಂತ ಅಂದರೆ ಬರುವ ಕಾಲ. ಸಮುದ್ರ ದಾಟಿ ಸುಸ್ತಾದ ಹಕ್ಕಿಗಳು ಒಂದೇ ಬೆಳಿಗ್ಗೆ ದಡದ ಗಿಡಗಳಲ್ಲಿ ತುಂಬಿಕೊಂಡು ಕೂಗುತ್ತವೆ. ನಮಗೆ ಅದು ಹೊರಡುವ ಕಾಲ. ಆರೇಳು ತಿಂಗಳು ನಮ್ಮಲ್ಲೇ ಹರಡಿಕೊಂಡಿದ್ದ ಹಕ್ಕಿಗಳು ಸದ್ದಿಲ್ಲದೆ ಎದ್ದು ಹೋಗುತ್ತವೆ. ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹೊತ್ತು ಹಾರುತ್ತವೆ. ಗಾಳಿ ಆಗ ತಂಪು, ಗಿಡುಗದ ಕಾಟ ಇಲ್ಲ, ದಾರಿಗೆ ನಕ್ಷತ್ರ ಇವೆ. ನಿನ್ನೆ ಸಂಜೆ ಹೊಂಗೆ ಮರದಲ್ಲಿ ಇದ್ದದ್ದು ಇವತ್ತು ಇರುವುದಿಲ್ಲ, ಅಷ್ಟೇ. ಹೀಗಾಗಿ ಗುಂಪು ನೋಡಲು ಹೋದವರಿಗೆ ಮಾರ್ಚ್ ಖಾಲಿ ಅನ್ನಿಸುತ್ತದೆ.

ಇನ್ನೊಂದು ಮಾತು. ಇವನ್ನೆಲ್ಲ ‘ಚಳಿಗಾಲದ ಅತಿಥಿಗಳು’ ಅನ್ನುವ ರೂಢಿ ಇದೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಎಂಟು ಗ್ರಾಂ ತೂಕದ ಹಸುರು ಉಲಿಯಕ್ಕಿ, ಅಂದರೆ ಗ್ರೀನಿಶ್ ವಾರ್ಬ್ಲರ್, ಸೆಪ್ಟೆಂಬರ್‌ನಲ್ಲಿ ನಮ್ಮ ಹುಣಸೆ ಮರಕ್ಕೆ ಬಂದು ಏಪ್ರಿಲ್‌ವರೆಗೆ ಇರುತ್ತದೆ. ವರ್ಷದಲ್ಲಿ ಎಂಟು ತಿಂಗಳು ಇಲ್ಲಿ! ಉತ್ತರಕ್ಕೆ ಹೋಗುವುದು ಮೊಟ್ಟೆ ಇಟ್ಟು ಮರಿ ಮಾಡುವುದಕ್ಕೆ ಮಾತ್ರ. ಬಾಣಂತನಕ್ಕೆ ತವರಿಗೆ ಹೋಗಿ ಬರುವ ಹಾಗೆ ಅಂತ ಇಟ್ಟುಕೊಳ್ಳಿ. ಹಾಗೆ ನೋಡಿದರೆ ಮಾರ್ಚ್ ತಿಂಗಳು ಆ ಪ್ರಯಾಣದ ತಯಾರಿ. ತಯಾರಿಯಲ್ಲಿ ನೋಡುವುದು ಬೇಕಾದಷ್ಟಿದೆ.

ಮೊದಲು ಬಟ್ಟೆ ಬದಲಾಯಿಸುವುದನ್ನು ನೋಡಿ. ಇದಕ್ಕೆ ಹಳದಿ ಸಿಪಿಲೆಗಿಂತ, ಅಂದರೆ ಯೆಲ್ಲೋ ವ್ಯಾಗ್‌ಟೇಲ್‌ಗಿಂತ, ಒಳ್ಳೆಯ ಹಕ್ಕಿ ಇಲ್ಲ. ಡಿಸೆಂಬರ್‌ನಲ್ಲಿ ನೀವು ಅದನ್ನು ಖಂಡಿತ ನೋಡಿದ್ದೀರಿ. ಆಗ ಅದು ಮಾಸಲು ಕಂದು, ಹೊಟ್ಟೆ ಮೇಲೆ ಒಂಚೂರು ಹಳದಿ, ನೆಲದ ಮೇಲೆ ಬಾಲ ಕುಣಿಸುತ್ತಾ ಓಡಾಡುವ ಹಕ್ಕಿ. ನಿಮ್ಮ ಪಟ್ಟಿಯಲ್ಲಿ ಒಂದು ಗೆರೆ ಎಳೆದು ಮುಂದೆ ಹೋಗಿರುತ್ತೀರಿ. ಈಗ ಮಾರ್ಚ್ ಎರಡನೇ ವಾರದಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಹೋಗಿ, ಯಾವ ಗದ್ದೆಯಲ್ಲಿ ನೀರು ಬಿಟ್ಟುಕೊಂಡು ಉಳುತ್ತಿದ್ದಾರೋ ಅಲ್ಲಿ ಬದುವಿನ ಮೇಲೆ ನಿಂತುಕೊಳ್ಳಿ. ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳು ನಡೆಯುತ್ತಿರುತ್ತವೆ. ಅವುಗಳ ಕಾಲ ಬಳಿ ಸಿಪಿಲೆಗಳು.

ಹೋದ ವರ್ಷ ಪಾಂಡವಪುರದ ಕಡೆ ಇಂಥ ಒಂದು ಗದ್ದೆಯಲ್ಲಿ ಒಂದು ಸಿಪಿಲೆ ನನ್ನಿಂದ ಹತ್ತು ಹೆಜ್ಜೆ ದೂರಕ್ಕೆ ಬಂತು. ಅದರ ಎದೆ ಆಗಲೇ ಬಾಳೆಹಣ್ಣಿನ ಸಿಪ್ಪೆಯ ಹಳದಿ. ತಲೆ ಮಾತ್ರ ಅರ್ಧಂಬರ್ಧ. ನೆತ್ತಿಯ ಮುಂಭಾಗದಲ್ಲಿ ಹೊಸ ಕಪ್ಪು ಗರಿ ಬಂದಿದೆ, ಕಿವಿಯ ಹತ್ತಿರ ಹಳೇ ಕಂದು ಗರಿ ಇನ್ನೂ ಉದುರಿಲ್ಲ. ಗೋಡೆಗೆ ಹೊಸ ಬಣ್ಣ ಹೊಡೆಯುತ್ತಾ ಮಧ್ಯಾಹ್ನ ಊಟಕ್ಕೆ ಎದ್ದು ಹೋದ ಹಾಗಿತ್ತು. ಎರಡು ವಾರ ಬಿಟ್ಟು ಅದೇ ಗದ್ದೆಗೆ ಹೋದಾಗ ಅಲ್ಲಿದ್ದ ನಾಲ್ಕೈದು ಗಂಡುಗಳ ತಲೆ ಪೂರ್ತಿ ಕಪ್ಪಾಗಿ ಹೊಳೆಯುತ್ತಿತ್ತು.

ಇದರಲ್ಲಿ ಇನ್ನೂ ಒಂದು ಸೊಗಸಿದೆ. ಹಳದಿ ಸಿಪಿಲೆಯಲ್ಲಿ ಹಲವು ಉಪಜಾತಿಗಳಿವೆ. ಚಳಿಗಾಲದಲ್ಲಿ ಎಲ್ಲ ಹೆಚ್ಚುಕಡಿಮೆ ಒಂದೇ ಥರ. ಮಾರ್ಚ್, ಏಪ್ರಿಲ್‌ನಲ್ಲಿ ಗಂಡುಗಳ ತಲೆ ನೋಡಿ ಊರು ಹೇಳಬಹುದು. ತಲೆ ಪೂರ್ತಿ ಕರಿ, ಹುಬ್ಬು ಇಲ್ಲ ಅಂದರೆ ಅದು ಬಾಲ್ಕನ್‌ನಿಂದ ಮಧ್ಯ ಏಷ್ಯಾದವರೆಗಿನ ಬಯಲಿನದ್ದು. ಕಡು ಬೂದು ತಲೆ, ಕೆನ್ನೆ ಇನ್ನೂ ಕಪ್ಪು ಅಂದರೆ ಸ್ಕ್ಯಾಂಡಿನೇವಿಯಾ, ಸೈಬೀರಿಯಾದ ಉತ್ತರದ ಜೌಗುಗಳದ್ದು. ತಿಳಿ ನೀಲಿಬೂದು ತಲೆ, ಮೇಲೆ ದಪ್ಪ ಬಿಳಿ ಹುಬ್ಬು ಅಂದರೆ ಪಶ್ಚಿಮ ಸೈಬೀರಿಯಾ, ಕಜಕಿಸ್ತಾನದ ಕಡೆಯದು. ಮಂಡ್ಯದ ಒಂದೇ ಗದ್ದೆಯಲ್ಲಿ ಮೂರು ದಿಕ್ಕಿಗೆ ಹೊರಟ ಮೂರು ಹಕ್ಕಿ ಒಂದೇ ಕೆಸರಲ್ಲಿ ಹುಳ ಹೆಕ್ಕುತ್ತಿರುತ್ತವೆ. ತಲೆ ಪೂರ್ತಿ ಹಳದಿ ಇದ್ದರೆ ಮಾತ್ರ ಅದು ಹೆಚ್ಚಾಗಿ ಬೇರೆಯೇ ಜಾತಿ, ಸಿಟ್ರಿನ್ ಸಿಪಿಲೆ. ಈ ಗುರುತು ಡಿಸೆಂಬರ್‌ನಲ್ಲಿ ಸಿಗುವುದೇ ಇಲ್ಲ.

ಗುಲಾಬಿ ಕಬ್ಬಕ್ಕಿಯ ಕತೆ ಬೇರೆ. ಅದೂ ಈಗ ಚೆಂದವಾಗುತ್ತದೆ. ಆದರೆ ಹೊಸ ಗರಿ ಹಾಕಿಕೊಂಡಲ್ಲ. ಅದರ ಗರಿಗಳ ಅಂಚು ಮೊದಲು ಕಂದು ಇರುತ್ತದೆ. ತಿಂಗಳುಗಟ್ಟಲೆ ಹಾರಿ, ಪೊದೆಗಳಲ್ಲಿ ನುಗ್ಗಿ ಆ ಅಂಚು ಸವೆಯುತ್ತದೆ. ಸವೆದಷ್ಟೂ ಒಳಗಿನ ಗುಲಾಬಿ, ಕಪ್ಪು ಹೊರಬರುತ್ತದೆ. ಹಿತ್ತಾಳೆ ಪಾತ್ರೆ ಬೆಳಗಿದ ಹಾಗೆ. ಮುತ್ತುಗ, ಬೂರುಗ ಹೂ ಬಿಟ್ಟಲ್ಲಿ ಇವನ್ನು ಹುಡುಕಿ. ಮಕರಂದ ಹೀರಲು ಬೆಳಿಗ್ಗೆಯೇ ಜಗಳಾಡುತ್ತಿರುತ್ತವೆ, ಮುಖಕ್ಕೆಲ್ಲ ಪರಾಗ ಮೆತ್ತಿಕೊಂಡಿರುತ್ತದೆ. ಅರಳಿ, ಆಲ ಹಣ್ಣಾದರೆ ಅಲ್ಲೂ ಸಿಗುತ್ತವೆ. ಏಪ್ರಿಲ್ ಮಧ್ಯದ ಹೊತ್ತಿಗೆ ಖಾಲಿ. ಮಧ್ಯ ಏಷ್ಯಾಕ್ಕೆ ಹೋಗಿ, ಮಿಡತೆ ತಿಂದು, ಮರಿ ಮಾಡಿ, ಜುಲೈ-ಆಗಸ್ಟ್‌ಗೆ ವಾಪಸ್ಸು. ಎಲ್ಲರಿಗಿಂತ ಬೇಗ ಬರುವವರಲ್ಲಿ ಇವೂ ಸೇರಿವೆ.

ಬಾತುಗಳೂ ಹಾಗೆಯೇ. ಅಕ್ಟೋಬರ್‌ನಲ್ಲಿ ಬಂದಾಗ ಗಂಡು ಹೆಣ್ಣು ಎಲ್ಲ ಒಂದೇ ಕಂದು. ಫೆಬ್ರವರಿ, ಮಾರ್ಚ್‌ನಲ್ಲಿ ಸೂಜಿಬಾಲದ ಬಾತಿನ ಗಂಡಿಗೆ ಪೂರ್ತಿ ಉದ್ದದ ಬಾಲ, ಬಿಳಿ ಹುಬ್ಬಿನ ಬಾತಿಗೆ ಎದ್ದು ಕಾಣುವ ಹುಬ್ಬು, ಸಲಿಕೆಯಂಥ ಕೊಕ್ಕಿನ ಚಲುಕದ ಬಾತಿಗೆ ಹಸುರು ತಲೆ. ಇವು ಎಷ್ಟೋ ಸಲ ಇಲ್ಲಿಂದಲೇ ಜೋಡಿಯಾಗಿ ಹೊರಡುತ್ತವೆ. ನೀರಲ್ಲಿ ಗಂಡು ತಲೆ ಎತ್ತಿ ಇಳಿಸಿ ಹೆಣ್ಣಿನ ಸುತ್ತ ಸುತ್ತುವುದನ್ನು ಸ್ವಲ್ಪ ಹೊತ್ತು ಕೂತು ನೋಡಿ.

ಇನ್ನು ಪಟ್ಟೆತಲೆ ಹೆಬ್ಬಾತು. ನೀವು ಹದಿನಾರು ಕೆರೆಗೆ ಹೋಗಿದ್ದೀರಲ್ಲ, ನಂಜನಗೂಡು ತಾಲ್ಲೂಕಿನ ಆ ಕೆರೆ ಇವುಗಳಿಂದಲೇ ಹೆಸರಾದದ್ದು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಮೈಸೂರು ಸುತ್ತಿನ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ನಿಮಗೂ ಕಾಣಿಸಬಹುದು. ಕಾಣಿಸಿದರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಅಂಕಿ ಬರೆದುಕೊಂಡು ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಒಂದು ಅಂಕಿ ಸರಿಯಾಗಿ ಓದಿದರೆ ಒಂದು ಹಕ್ಕಿಯ ಪ್ರಯಾಣ ಗೊತ್ತಾಗುತ್ತದೆ.

ಈ ಹಕ್ಕಿ ಹಿಮಾಲಯ ದಾಟುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಹೇಗೆ ದಾಟುತ್ತದೆ ಅನ್ನುವುದು ಇನ್ನೂ ಚೆನ್ನಾಗಿದೆ. ಉಪಗ್ರಹದ ಟ್ಯಾಗ್ ಕಟ್ಟಿ ನೋಡಿದಾಗ ಒಂದು ಹಕ್ಕಿ 7,290 ಮೀಟರ್‌ವರೆಗೆ ಏರಿದ್ದು ದಾಖಲಾಯಿತು. ಆದರೆ ಅವು ಸುಮ್ನೆ ಒಂದೇ ಸಮ ಮೇಲೇರಿ ಹೋಗುವುದಿಲ್ಲ. ಬೆಟ್ಟ ಏರಿದರೆ ಏರುತ್ತವೆ, ಕಣಿವೆ ಬಂದರೆ ಇಳಿಯುತ್ತವೆ, ನೆಲದ ಏರಿಳಿತವನ್ನೇ ಹಿಡಿದು ಸಾಗುತ್ತವೆ. ಎತ್ತರದ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವುದು ತುಂಬಾ ದುಬಾರಿ. ಏರಿದ ಎತ್ತರ ಕಳೆದುಕೊಂಡು ಮತ್ತೆ ಏರಿದರೂ ಅದಕ್ಕಿಂತ ಇದೇ ಕಡಿಮೆ ಖರ್ಚು. ರಾತ್ರಿ, ನಸುಕಿನಲ್ಲಿ ಹಾರುವುದೂ ಇದೇ ಕಾರಣಕ್ಕೆ. ತಣ್ಣನೆ ಗಾಳಿ ದಟ್ಟ, ರೆಕ್ಕೆಗೆ ಹಿಡಿತ ಸಿಗುತ್ತದೆ.

ಈ ಪ್ರಯಾಣಕ್ಕೆ ಬೇಕಾದ ಕೊಬ್ಬು ಕೂಡುವುದು ನಮ್ಮ ಗದ್ದೆಗಳಲ್ಲಿ. ಹಗಲೆಲ್ಲ ಹೆಬ್ಬಾತುಗಳು ಕೆರೆಯ ನಡುವೆ, ದಡದ ಕೆಸರಲ್ಲಿ ಮಲಗಿರುತ್ತವೆ. ಸೂರ್ಯ ಮುಳುಗಿದ ಮೇಲೆ ಎದ್ದು ಗದ್ದೆ, ಹೊಲಗಳಿಗೆ ಮೇಯಲು ಹೋಗುತ್ತವೆ. ಈ ಸಂಜೆ ಹಾರಾಟ ನೋಡುವುದೇ ಒಂದು ಭಾಗ್ಯ. ಒಂದು ಮಾರ್ಚ್‌ನಲ್ಲಿ ನಾನು ಏರಿಯ ಮೇಲೆ ಕೂತಿದ್ದೆ. ಬೆಳಕು ಇಳಿಯುತ್ತಿತ್ತು. ಮೊದಲು ಒಂದು ಹಕ್ಕಿ ಮೂಗಲ್ಲಿ ಕರೆದ ಹಾಗೆ ‘ಆಂಗ್’ ಅಂದಿತು. ಆಮೇಲೆ ಇನ್ನೊಂದು. ಐದು ನಿಮಿಷದಲ್ಲಿ ಇಡೀ ಗುಂಪೇ ಮಾತಾಡತೊಡಗಿತು. ತಲೆ ಎತ್ತಿ ಒಂದೇ ದಿಕ್ಕಿಗೆ ಮುಖ ಮಾಡಿದವು. ಎದ್ದವು. ದಿನಾ ದಕ್ಷಿಣದ ಹೊಲಗಳ ಕಡೆ ಹೋಗುತ್ತಿದ್ದವು ಅವತ್ತು ಕೆರೆಯ ಮೇಲೆ ಮೂರು ಸುತ್ತು ಹಾಕಿ, ಸುತ್ತು ಸುತ್ತಿಗೂ ಮೇಲೇರಿ, ಸಾಲು ಕಟ್ಟಿ ಉತ್ತರಕ್ಕೆ ತಿರುಗಿದವು. ಕತ್ತಲಾದ ಮೇಲೂ ಸ್ವಲ್ಪ ಹೊತ್ತು ಅವುಗಳ ಧ್ವನಿ ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ಕೆರೆಯಲ್ಲಿ ಹನ್ನೊಂದು ಹೆಬ್ಬಾತು ಉಳಿದಿದ್ದವು. ಅದರ ಮರುವಾರ ಅವೂ ಇರಲಿಲ್ಲ.

ಹೊರಡುವ ಹೊತ್ತು ಬಂತು ಅಂತ ಇವಕ್ಕೆ ಗೊತ್ತಾಗುವುದು ಹೇಗೆ? ಬಿಸಿಲು ಜಾಸ್ತಿ ಆಯ್ತು, ಕೆರೆ ಒಣಗಿತು ಅನ್ನುವುದು ಸಣ್ಣ ಕಾರಣ. ಕೆರೆ ತುಂಬಿದ್ದರೂ ಹೋಗುತ್ತವೆ. ಉತ್ತರದ ದೇಶಗಳಲ್ಲಿ ಹಗಲಿನ ಉದ್ದವೇ ದೊಡ್ಡ ಸೂಚನೆ. ನಮ್ಮಲ್ಲಿ ಜೂನ್‌ನ ಅತಿ ದೊಡ್ಡ ಹಗಲಿಗೂ ಡಿಸೆಂಬರ್‌ನ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಅಷ್ಟು ಸಣ್ಣ ಬದಲಾವಣೆಯ ಜೊತೆಗೆ ಒಳಗಿನ ಗಡಿಯಾರವೂ ಬೇಕು. ಹಗಲು ರಾತ್ರಿಯ ಉದ್ದ ವರ್ಷವಿಡೀ ಒಂದೇ ಸಮ ಇಟ್ಟ ಪಂಜರದಲ್ಲೂ ಸಣ್ಣ ಉಲಿಯಕ್ಕಿಗಳು ವಲಸೆಯ ಕಾಲಕ್ಕೆ ರಾತ್ರಿಯೆಲ್ಲ ಚಡಪಡಿಸುವುದನ್ನು ಜರ್ಮನಿಯ ವಿಜ್ಞಾನಿಗಳು ಕಂಡಿದ್ದಾರೆ. ಹೊರಗೆ ಏನೂ ಬದಲಾಗದಿದ್ದರೂ ಒಳಗೆ ಕಾಲ ತಿರುಗಿರುತ್ತದೆ.

ಆ ಚಡಪಡಿಕೆ ಕಿವಿಗೂ ಸಿಗುತ್ತದೆ. ಮೈಸೂರಿನ ಲಿಂಗಾಂಬುಧಿ ಕೆರೆ ಸುತ್ತ ಪೊದೆಗಳಲ್ಲಿ ‘ಟಕ್... ಟಕ್’ ಅಂತ ನಾಲಿಗೆ ಲೊಟ್ಟೆ ಹೊಡೆದ ಹಾಗೆ ಸದ್ದು ಮಾಡುವ ಒಂದು ಕಂದು ಹಕ್ಕಿ ಇದೆ. ಬ್ಲೈತ್ಸ್ ರೀಡ್ ವಾರ್ಬ್ಲರ್. ಚಳಿಗಾಲವಿಡೀ ಅದರ ಮಾತು ಇಷ್ಟೇ. ಏಪ್ರಿಲ್‌ನಲ್ಲಿ ಹೊರಡುವ ಮುಂಚೆ ಅದೇ ಹಕ್ಕಿ ಲಂಟಾನದ ಒಳಗೆ ಕೂತು ಸಣ್ಣ ದನಿಯಲ್ಲಿ ಹಾಡು ಶುರು ಮಾಡುತ್ತದೆ. ಮಧ್ಯೆ ಮಧ್ಯೆ ಬೇರೆ ಹಕ್ಕಿಗಳ ಧ್ವನಿಯನ್ನೂ ಸೇರಿಸುತ್ತದೆ. ಗಟ್ಟಿ ಹಾಡುವುದು ರಷ್ಯಾದಲ್ಲೋ ಫಿನ್ಲೆಂಡಿನಲ್ಲೋ. ಇಲ್ಲಿ ತಾಲೀಮು. ಈ ತಾಲೀಮು ಕೇಳಲೆಂದೇ ನಾನು ಏಪ್ರಿಲ್ ಮೊದಲ ವಾರ ಅಲ್ಲಿಗೆ ಹೋಗುತ್ತೇನೆ. ದಯವಿಟ್ಟು ಮೊಬೈಲ್‌ನಲ್ಲಿ ಅದರ ಕರೆ ಹಾಕಿ ಹೊರಗೆ ಕರೆಸಲು ಹೋಗಬೇಡಿ. ಹೊಟ್ಟೆ ತುಂಬಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಅದು ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಅಲೆಯುತ್ತದೆ.

ಕವಲುತೋಕೆಗಳು, ಅಂದರೆ ಬಾರ್ನ್ ಸ್ವಾಲೋಗಳು, ತಂತಿಯ ಮೇಲೆ ಸಾಲಾಗಿ ಸೇರುವುದನ್ನೂ ಮಾರ್ಚ್‌ನಲ್ಲಿ ಗಮನಿಸಿ. ಡಿಸೆಂಬರ್‌ನಲ್ಲಿ ಇವುಗಳ ಬಾಲದ ಕಡ್ಡಿ ಮುರುಕು, ಗಿಡ್ಡ. ಈಗ ಹೊಸದು ಬೆಳೆದು ಉದ್ದವಾಗಿರುತ್ತದೆ. ಸಂಜೆ ಆರರ ಮೇಲೆ ಕಬ್ಬಿನ ಗದ್ದೆಯ ಪಕ್ಕ ನಿಂತರೆ ಕವಲುತೋಕೆ, ಸಿಪಿಲೆ ನೂರುಗಟ್ಟಲೆ ಬಂದು ರಾತ್ರಿ ತಂಗಲು ಕಬ್ಬಿನೊಳಗೆ ಇಳಿಯುವುದು ಕಾಣಬಹುದು. ಮಂಡ್ಯದವರಿಗೆ ಕಬ್ಬಿನ ಗದ್ದೆ ಹುಡುಕಿಕೊಡಬೇಕಾಗಿಲ್ಲ ಅಲ್ವಾ.

ಇಷ್ಟು ಹೊತ್ತು ಹೋಗುವವರ ಮಾತಾಯಿತು. ಇದೇ ಹೊತ್ತಿಗೆ ಬರುವವರೂ ಇದ್ದಾರೆ. ನಿಮ್ಮ ಜೊತೆಗಾರರು ಕಳೆದುಕೊಳ್ಳುತ್ತಿರುವುದು ಮುಖ್ಯವಾಗಿ ಇದನ್ನೇ. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿ ಕಡೆ ಕಾವೇರಿಯ ಮಣ್ಣಿನ ದಿಬ್ಬಗಳಿಗೆ ನೀಲಿಬಾಲದ ಕಳ್ಳಿಪೀರಗಳು ಬರುತ್ತವೆ. ಬೆನ್ನು ಹಸುರು, ಗಂಟಲು ಇಟ್ಟಿಗೆ ಬಣ್ಣ, ಬಾಲ ನೀಲಿ. ಮರಳುಮಣ್ಣಿನ ದಿಬ್ಬದಲ್ಲಿ ತೋಳಿಗಿಂತ ಉದ್ದದ ಸುರಂಗ ಕೊರೆದು ಅದರ ಕೊನೆಯಲ್ಲಿ ಮೊಟ್ಟೆ ಇಡುತ್ತವೆ. ಕೊಕ್ಕಿನಿಂದ ಕೆದಕಿ, ಕಾಲಿನಿಂದ ಮಣ್ಣು ಹಿಂದಕ್ಕೆ ಚಿಮ್ಮುತ್ತಾ ಒಳಗೆ ಹೋಗುತ್ತವೆ. ಜೂನ್ ಹೊತ್ತಿಗೆ ಮರಿ ಹಾರಿಸಿ ಮುಗಿಸುತ್ತವೆ. ಹೆಬ್ಬಾತಿಗೆ ಮಂಗೋಲಿಯಾ ಹೇಗೋ ಇವಕ್ಕೆ ನಮ್ಮ ಕಾವೇರಿ ದಂಡೆ ಹಾಗೆ.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಬೇಕು. ಮೊದಲ ಸಲ ಹೋದಾಗ ಸುರಂಗಗಳಿಗೆ ತೀರಾ ಹತ್ತಿರ ನಿಂತುಬಿಟ್ಟೆ. ಒಂದು ಕಳ್ಳಿಪೀರ ಬಾಯಲ್ಲಿ ಏರೋಪ್ಲೇನ್ ಚಿಟ್ಟೆ ಕಚ್ಚಿಕೊಂಡು ತಂತಿಯ ಮೇಲೆ ಕೂತಿತ್ತು. ಎಷ್ಟು ಹತ್ತಿರ, ಎಷ್ಟು ಚೆನ್ನಾಗಿ ಕೂತಿದೆ ಅಂತ ಖುಷಿಪಟ್ಟು ಇಪ್ಪತ್ತು ನಿಮಿಷ ನೋಡಿದೆ. ಅಷ್ಟೂ ಹೊತ್ತು ಅದು ಕೂತೇ ಇತ್ತು. ತಲೆ ಆಚೆ ಈಚೆ ಮಾಡುತ್ತಿತ್ತು, ಹುಳ ನುಂಗಲಿಲ್ಲ. ಆಮೇಲೆ ಹೊಳೆಯಿತು, ಅದು ತನಗಾಗಿ ಹಿಡಿದ ಹುಳ ಅಲ್ಲ, ಒಳಗೆ ಮರಿ ಇದೆ, ನಾನು ಬಾಗಿಲಿಗೆ ಅಡ್ಡ ನಿಂತಿದ್ದೇನೆ. ಐವತ್ತು ಹೆಜ್ಜೆ ಹಿಂದಕ್ಕೆ ಬಂದು ಒಂದು ಬೇಲಿಯ ಮರೆಯಲ್ಲಿ ಕೂತೆ. ಅರ್ಧ ನಿಮಿಷದಲ್ಲಿ ಅದು ಸುರಂಗದೊಳಗೆ ಹೋಯಿತು. ಆ ಮರಿಗಳಿಗೆ ಅವತ್ತು ಎಷ್ಟು ತುತ್ತು ತಪ್ಪಿಸಿದೆನೋ ಅನ್ನುವ ನೋವು ಈಗಲೂ ಇದೆ. ನೀವು ಹೋದರೆ ದೂರ ಕೂತು ನೋಡಿ. ಹಕ್ಕಿ ಹುಳ ಹಿಡಿದುಕೊಂಡು ಕೂತೇ ಇದ್ದರೆ ನೀವು ಜಾಸ್ತಿ ಹತ್ತಿರ ಇದ್ದೀರಿ ಅಂತ ಅರ್ಥ.

ಕೊಕ್ಕರೆ ಬೆಳ್ಳೂರು ನಿಮಗೆ ಹತ್ತಿರ. ಅಲ್ಲಿನ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಸೈಬೀರಿಯಾದಿಂದ ಬಂದವು ಅಂತ ಈಗಲೂ ಹೇಳುವವರಿದ್ದಾರೆ, ಬರೆಯುವವರೂ ಇದ್ದಾರೆ. ಅದು ತಪ್ಪು. ಇವು ನಮ್ಮ ದೇಶದವೇ. ಮಳೆ ಕಡಿಮೆಯಾದ ಮೇಲೆ ಬಂದು, ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿ, ಮರಿ ಬೆಳೆಸಿ, ಮತ್ತೆ ಸುತ್ತಿನ ಕೆರೆ ಹೊಳೆಗಳಿಗೆ ಚದುರುತ್ತವೆ. ಬೆಳ್ಳೂರಿನವರು ತಲೆಮಾರುಗಳಿಂದ ಹಕ್ಕಿ ಕೂತ ಮರದ ಹುಣಸೆಹಣ್ಣು ಬಿಟ್ಟುಕೊಟ್ಟಿದ್ದಾರೆ, ಮರದಡಿಯ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡಿದ್ದಾರೆ. 2007ರಲ್ಲಿ ಅದು ಸಮುದಾಯ ಮೀಸಲು ಆಯಿತು. ಮಾರ್ಚ್‌ನಲ್ಲಿ ಗೂಡುಗಳಲ್ಲಿ ಮರಿಗಳಿರುತ್ತವೆ. ಮಧ್ಯಾಹ್ನದ ಬಿಸಿಲಲ್ಲಿ ಕೊಕ್ಕರೆಗಳು ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಕೊಟ್ಟು ನಿಂತಿರುವುದನ್ನು ನೋಡಲು ಬೈನಾಕ್ಯುಲರ್ ಕೂಡ ಬೇಡ. ರಂಗನತಿಟ್ಟಿನಲ್ಲೂ ಇದೇ ಹೊತ್ತು ಗೂಡಿನ ಕಾಲ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು, 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ದೋಣಿಯಲ್ಲಿ ಹೋಗಿ ಬನ್ನಿ, ಆದರೆ ವಲಸೆ ಕಲಿಯಲು ಅದೊಂದನ್ನೇ ನಂಬಿಕೊಳ್ಳಬೇಡಿ.

ಹಾಗಾದರೆ ಎಲ್ಲಿ ನೋಡಬೇಕು? ನನ್ನ ಸಲಹೆ, ಹತ್ತು ಕಡೆ ಸುತ್ತುವುದನ್ನು ಈ ಎರಡು ತಿಂಗಳು ನಿಲ್ಲಿಸಿ. ಮನೆಯಿಂದ ಇಪ್ಪತ್ತು ನಿಮಿಷದೊಳಗೆ ಹೋಗಬಹುದಾದ ಒಂದು ಕೆರೆ ಆರಿಸಿಕೊಳ್ಳಿ. ಹೆಸರುವಾಸಿ ಕೆರೆ ಆಗಬೇಕಿಲ್ಲ. ಆಳ ಕಡಿಮೆ ಇರಬೇಕು, ದಡ ಇಳಿಜಾರಾಗಿರಬೇಕು. ತೊಣ್ಣೂರು ಕೆರೆ ಎಷ್ಟು ಸುಂದರ, ನೀರು ಎಷ್ಟು ತಿಳಿ! ಆದರೆ ಅದು ಆಳ. ಗದ್ದೆಗೊರವಗಳಿಗೆ, ಅಂದರೆ ಸ್ಯಾಂಡ್‌ಪೈಪರ್‌ಗಳಿಗೆ, ಕಾಲು ಮುಳುಗುವಷ್ಟು ನೀರು, ಕೊಕ್ಕು ಇಳಿಯುವ ಕೆಸರು ಬೇಕು. ಮಾರ್ಚ್‌ನಲ್ಲಿ ನೀರು ಹಿಂದೆ ಸರಿದಂತೆ ಸಾಧಾರಣ ಊರ ಕೆರೆಯ ದಡದಲ್ಲಿ ಪ್ರತಿ ವಾರ ಹೊಸ ಕೆಸರು ತೆರೆದುಕೊಳ್ಳುತ್ತದೆ. ಕೆಆರ್‌ಎಸ್ ಹಿನ್ನೀರಿನಲ್ಲೂ ಹೀಗೆಯೇ. ಅಲ್ಲಿ ನೀರು ಇಳಿದು ಎದ್ದ ನಡುಗಡ್ಡೆಗಳಲ್ಲಿ ಹೊಳೆ ರೀವಗಳು, ಅಂದರೆ ರಿವರ್ ಟರ್ನ್‌ಗಳು, ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಆ ನಡುಗಡ್ಡೆಗಳಿಗೆ ನಡೆದು ಹೋಗಬೇಡಿ. ಮೊಟ್ಟೆ ಕಲ್ಲಿನ ಬಣ್ಣದ್ದೇ, ಕಾಲಡಿ ಸಿಕ್ಕಿದ ಮೇಲೇ ಗೊತ್ತಾಗುವುದು.

ಕೆರೆಗೆ ಬೆಳಿಗ್ಗೆ ಆರೂಕಾಲಿಗೆಲ್ಲ ಹೋಗಿಬಿಡಿ. ಒಂಬತ್ತು ದಾಟಿದರೆ ನೀರಿನ ಮೇಲೆ ಝಳ ಎದ್ದು ದೂರದ ಹಕ್ಕಿ ನಡುಗುತ್ತದೆ, ಎಂಥ ಬೈನಾಕ್ಯುಲರ್ ಇದ್ದರೂ ಅಷ್ಟೇ. ಬೆಳಕು ನಿಮ್ಮ ಬೆನ್ನಿಗಿರುವಂತೆ ಪೂರ್ವದ ದಡ ಹಿಡಿಯಿರಿ. ಸಂಜೆಯಾದರೆ ಪಶ್ಚಿಮದ ದಡ. ಏರಿಯ ಕಲ್ಲುಗಳ ಸಂದಿಯಲ್ಲಿ ಬೇಸಿಗೆಯಲ್ಲಿ ಹಾವು ಇರುತ್ತವೆ, ನೋಡಿಕೊಂಡು ಕೂರಿ. ಏರಿಯ ಮೇಲೆ ಎದ್ದು ನಿಂತರೆ ಆಕಾಶದ ಎದುರು ನಿಮ್ಮ ಆಕಾರ ಎದ್ದು ಕಾಣುತ್ತದೆ, ಕೂತರೆ ಹಕ್ಕಿ ಮರೆತುಬಿಡುತ್ತವೆ. ಹೊರಡುವ ಹಕ್ಕಿಯನ್ನು ಸುಮ್ನೆ ಎಬ್ಬಿಸಿ ಹಾರಿಸಿದರೆ ಅದು ಕೂಡಿಟ್ಟ ಕೊಬ್ಬಿನಿಂದಲೇ ಆ ಖರ್ಚು ಹೋಗುತ್ತದೆ. ಕೆರೆಯಲ್ಲಿ ನೀರುಗಂಟಿ ಇದ್ದರೆ, ತೆಪ್ಪದಲ್ಲಿ ಬಲೆ ಬಿಡುವವರು ಇದ್ದರೆ ಮಾತಾಡಿಸಿ. ‘ದೊಡ್ಡ ಬಾತು ಯಾವತ್ತಿಂದ ಕಾಣ್ತಿಲ್ಲ ಅಣ್ಣಾ?’ ಅಂತ ಕೇಳಿ. ನಾವು ವಾರಕ್ಕೊಂದು ಸಲ ಹೋಗುವವರು, ಅವರು ದಿನಾ ಇರುವವರು.

ಬಯಲಿನ ಒಣ ಭಾಗವನ್ನೂ ಮರೆಯಬೇಡಿ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಗೋಮಾಳ, ರಾಗಿ ಕೂಳೆಯ ಹೊಲಗಳ ಮೇಲೆ ಸೆಳೆವಗಳು, ಅಂದರೆ ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು, ತಗ್ಗಿನಲ್ಲಿ ತೇಲುತ್ತಾ ಮಿಡತೆ, ಇಲಿ ಹುಡುಕುತ್ತಿರುತ್ತವೆ. ರಾತ್ರಿ ಹುಲ್ಲಿನ ನೆಲದ ಮೇಲೆಯೇ ಮಲಗುತ್ತವೆ. ಮಾರ್ಚ್ ಮುಗಿಯುವಷ್ಟರಲ್ಲಿ ಕಜಕಿಸ್ತಾನದ ಹುಲ್ಲುಗಾವಲಿಗೆ ಹೊರಟುಬಿಡುತ್ತವೆ. ಗೋಮಾಳ ಸುಮ್ನೆ ಬಿದ್ದಿರುವ ಜಾಗ ಅಂತ ಬಹಳ ಜನ ತಿಳಿದಿದ್ದಾರೆ. ಗಿಡ ನೆಟ್ಟು ‘ಹಸುರು’ ಮಾಡಿದರೂ, ಸೈಟು ಮಾಡಿದರೂ ಸೆಳೆವಕ್ಕೆ ಎರಡೂ ಒಂದೇ, ಮಲಗುವ ಜಾಗ ಹೋಯಿತು.

ಕೊನೆಗೆ ನೋಟ್‌ಬುಕ್ಕಿನ ಮಾತು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಕ್ಕಿ ನೋಡುವವರೆಲ್ಲ ‘ಮೊದಲ ಸಲ ಕಂಡ ದಿನ’ ಬರೆಯುತ್ತೇವೆ. ‘ಕೊನೆಯ ಸಲ ಕಂಡ ದಿನ’ ಬರೆಯುವವರು ಕಡಿಮೆ. ಯಾಕೆಂದರೆ ಕೊನೆಯ ದಿನ ಅವತ್ತೇ ಗೊತ್ತಾಗುವುದಿಲ್ಲ. ಮುಂದಿನ ವಾರ ಹೋಗಿ, ಇಲ್ಲ ಅಂತ ಕಂಡು, ಅದರ ಮುಂದಿನ ವಾರವೂ ಹೋಗಿ, ಆಗಲೂ ಇಲ್ಲ ಅಂದಾಗ ಹಿಂದಕ್ಕೆ ತಿರುಗಿ ನೋಡಿದರೆ ಗೊತ್ತಾಗುವುದು. ನನ್ನ ಮೊದಲ ಹತ್ತು ವರ್ಷದ ಪುಸ್ತಕಗಳಲ್ಲಿ ಬೂದು ಸಿಪಿಲೆ ಬಂದ ದಿನ ಪ್ರತಿ ವರ್ಷ ಇದೆ. ಹೋದ ದಿನ ಒಂದು ವರ್ಷವೂ ಇಲ್ಲ. ಮಾರ್ಚ್ ಬಂದ ಕೂಡಲೇ ನಾನೂ ನಿಮ್ಮ ಜೊತೆಗಾರರ ಹಾಗೆ ಮನೆಯಲ್ಲಿ ಕೂತಿದ್ದೆ. ಆ ಹತ್ತು ವರ್ಷವನ್ನು ಈಗ ತುಂಬಿಸಲು ದಾರಿಯಿಲ್ಲ. ಹಕ್ಕಿಗಳು ಮೊದಲಿಗಿಂತ ಬೇಗ ಹೊರಡುತ್ತಿವೆಯಾ, ತಡವಾಗಿಯಾ ಅಂತ ಇವತ್ತು ಯಾರಾದರೂ ಕೇಳಿದರೆ ನನ್ನ ಕೆರೆಯ ಬಗ್ಗೆ ಹೇಳಲು ನನ್ನ ಹತ್ತಿರ ಅರ್ಧ ಲೆಕ್ಕ ಮಾತ್ರ ಇದೆ.

ಹಾಗಾಗಿ ಪ್ರತಿ ಭಾನುವಾರ ಅದೇ ಕೆರೆಗೆ ಹೋಗಿ, ಅದೇ ಹೊತ್ತಿಗೆ, ಒಂದು ಗಂಟೆ ಮಾತ್ರ. ಹೆಬ್ಬಾತು, ಸೂಜಿಬಾಲದ ಬಾತು, ಹಳದಿ ಸಿಪಿಲೆ, ಬೂದು ಸಿಪಿಲೆ, ಕವಲುತೋಕೆ, ಗುಲಾಬಿ ಕಬ್ಬಕ್ಕಿ, ಹಸುರು ಉಲಿಯಕ್ಕಿ, ಈ ಏಳನ್ನು ಎಣಿಸಿ. ಕಾಣದಿದ್ದರೆ ಸೊನ್ನೆ ಅಂತ ಬರೆಯಿರಿ, ಜಾಗ ಖಾಲಿ ಬಿಡಬೇಡಿ. ಹಕ್ಕಿ ಪಟ್ಟಿ ಸೇರಿಸುವ ಇಬರ್ಡ್ ಜಾಲತಾಣಕ್ಕೆ ಹಾಕುವುದಾದರೆ ಕಂಡ ಹಕ್ಕಿಗಳನ್ನೆಲ್ಲ ಸೇರಿಸಿದ ಪೂರ್ತಿ ಪಟ್ಟಿ ಹಾಕಿ. ಆಗ ಅದರಲ್ಲಿ ಇಲ್ಲದ ಹಕ್ಕಿಯೂ ಲೆಕ್ಕಕ್ಕೆ ಬರುತ್ತದೆ. ಸಿಪಿಲೆಯ ತಲೆ ಎಷ್ಟು ಕಪ್ಪಾಗಿದೆ ಅಂತ ಒಂದು ಸಣ್ಣ ಚಿತ್ರ ಬರೆದುಕೊಳ್ಳಿ, ಚೆನ್ನಾಗಿ ಬರೆಯಬೇಕಿಲ್ಲ.

ಏಪ್ರಿಲ್ ಕೊನೆಗೆ ಏಳರಲ್ಲಿ ಆರು ಸೊನ್ನೆ ಆಗಿರುತ್ತವೆ. ಹಸುರು ಉಲಿಯಕ್ಕಿ ಒಂದು ಮಾತ್ರ ಮೇ ಮೊದಲ ದಿನಗಳವರೆಗೂ ಸಿಗಬಹುದು. ದಡದಲ್ಲಿ ಕೆಲವು ಗದ್ದೆಗೊರವಗಳೂ ಉಳಿದಿರಬಹುದು. ಮೊದಲ ವರ್ಷದ ಮರಿಗಳು ಕೆಲವು ಸಲ ಬೇಸಿಗೆಯೆಲ್ಲ ಇಲ್ಲೇ ಇದ್ದುಬಿಡುತ್ತವೆ. ಅದನ್ನೂ ಬರೆಯಿರಿ. ಆಮೇಲೆ ಮೇ, ಜೂನ್ ಎರಡು ತಿಂಗಳು ಗೀಜಗ, ಕಳ್ಳಿಪೀರ ನೋಡುತ್ತಾ ಇರಿ. ಜುಲೈ ಕೊನೆಯ ಭಾನುವಾರದಿಂದ ಅದೇ ಕೆರೆಗೆ ಮತ್ತೆ ಹೋಗಲು ಶುರು ಮಾಡಿ. ನವೆಂಬರ್‌ವರೆಗೆ ಕಾಯಬೇಡಿ. ಮೊದಲ ಗದ್ದೆಗೊರವ ಆ ಹೊತ್ತಿಗೆ ವಾಪಸ್ಸು ಬಂದು ಕೆಸರಲ್ಲಿ ಬಾಲ ಕುಣಿಸುತ್ತಿರುತ್ತದೆ.